ಮಕ್ಕಳೊಂದಿಗರ ಕಾರು

‘ಮಕ್ಕಳೊಂದಿಗ’ ಎಂಬುದು ನಮ್ಮ ಭಾಷೆಯ ಹಳೆಯ ಮಾತು. ಮಕ್ಕಳನ್ನು ಕಟ್ಟಿಕೊಂಡು ಸಂಸಾರ ಸಾಗಿಸುವವನನ್ನು ಹಾಗೆ ಕರೆಯುವಾಗ ಅದರಲ್ಲಿ ಸ್ವಲ್ಪ ಮರ್ಯಾದೆ, ಸ್ವಲ್ಪ ಮರುಕ ಎರಡೂ ಬೆರೆತಿರುತ್ತವೆ. ಅವನು ತಡವಾಗಿ ಬಂದರೆ ಜನ ಕ್ಷಮಿಸುತ್ತಾರೆ. ಸಾಲ ಕೇಳಿದರೆ ಮಾತ್ರ ಒಂದು ಕ್ಷಣ ಯೋಚಿಸುತ್ತಾರೆ. ಇಂಥ ಮಕ್ಕಳೊಂದಿಗನು ಕಾರು ಕೊಳ್ಳಬೇಕೆಂದು ಬಾಯಿಬಿಟ್ಟನೋ, ಊರೆಲ್ಲ ಒಂದೇ ಉಪದೇಶ ಹೇಳುತ್ತದೆ: “ಮೂರು ಮಕ್ಕಳು, ಮೇಲೆ ಅಜ್ಜಿ ಬೇರೆ. ದೊಡ್ಡದನ್ನೇ ತೆಗೆದುಕೊಳ್ಳಿ ಸ್ವಾಮಿ.” ಈ ಉಪದೇಶ ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ನಿಮ್ಮೊಡನೆ ಸ್ವಲ್ಪ ಬಿಡಿಸಿ ನೋಡಬೇಕೆಂದಿದ್ದೇನೆ.

ನಾನು ಯಂತ್ರಶಾಸ್ತ್ರ ಬಲ್ಲವನಲ್ಲ. ಹೈಸ್ಕೂಲಿನಲ್ಲಿ ಸಂಧಿ, ಸಮಾಸ ಹೇಳಿಕೊಡುವವನು. ಯಾವ ಪದವನ್ನು ಕಂಡರೂ ಅದರ ಮೂಲವನ್ನು ಹುಡುಕುವುದು ನನ್ನ ಕಸುಬಿನ ಚಾಳಿ. ‘ವಾಹನ’ ಎಂಬ ಶಬ್ದ ‘ವಹ್’ ಎಂಬ ಧಾತುವಿನಿಂದ ಬಂದದ್ದು. ಹೊರು, ಒಯ್ಯು ಎಂದು ಅದರ ಅರ್ಥ. ಅಂದಮೇಲೆ ಕಾರಿನ ವಿಚಾರದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಅದರ ಅಂದಚಂದವೂ ಅಲ್ಲ, ನೆರೆಮನೆಯವರ ಕಾರಿಗಿಂತ ಅದು ಎಷ್ಟು ಎತ್ತರವೆಂಬುದೂ ಅಲ್ಲ. ಅದು ಯಾರನ್ನು ಒಯ್ಯಬೇಕು, ವರ್ಷದಲ್ಲಿ ಎಷ್ಟು ದಿನ ಒಯ್ಯಬೇಕು, ಎಷ್ಟು ದೂರ ಒಯ್ಯಬೇಕು? ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಹಣದ ಮಟ್ಟಿಗೆ ಸರಿಯೇ. ಮಕ್ಕಳೊಂದಿಗರು ಮಾತ್ರ ಹಾಸಿಗೆಗಿಂತ ಮೊದಲು ಕಾಲುಗಳನ್ನೇ ಎಣಿಸಿಕೊಳ್ಳುವುದು ಒಳ್ಳೆಯದು.

ನಿಮ್ಮ ಮನೆಯ ಒಂದು ವರ್ಷವನ್ನೇ ತೆಗೆದುಕೊಳ್ಳಿ. ಬೆಳಗ್ಗೆ ಮಕ್ಕಳನ್ನು ಶಾಲೆಗೆ ಬಿಡುವುದು, ಸಂಜೆ ಸಂತೆ, ಆಸ್ಪತ್ರೆ, ಭಾನುವಾರ ಹತ್ತಿರದ ಊರಿನಲ್ಲಿರುವ ನೆಂಟರ ಮನೆ. ಮುನ್ನೂರು ದಿನಗಳ ಓಡಾಟವೆಲ್ಲ ಇಷ್ಟೇ. ಉಳಿದ ಹತ್ತು ಹದಿನೈದು ದಿನ ಮಾತ್ರ ಅತ್ತೆ, ಮಾವ, ನಾದಿನಿ, ಅವರ ಮಕ್ಕಳು, ಹಪ್ಪಳದ ಡಬ್ಬ, ಹಾಸಿಗೆ ಸುರುಳಿ ಎಲ್ಲವೂ ಸೇರಿ ಧರ್ಮಸ್ಥಳಕ್ಕೋ ಮದುವೆ ಮನೆಗೋ ಹೊರಡುವುದು. ಆ ಹದಿನೈದು ದಿನಕ್ಕಾಗಿ ದೊಡ್ಡ ಕಾರು ಕೊಂಡವನು ಉಳಿದ ಮುನ್ನೂರು ದಿನವೂ ಖಾಲಿ ಸೀಟುಗಳಿಗೆ ಪೆಟ್ರೋಲು ಕುಡಿಸುತ್ತಾನೆ. ಮದುವೆಯ ದಿಬ್ಬಣಕ್ಕೆ ಬಾಡಿಗೆ ವ್ಯಾನು ಸಿಕ್ಕುತ್ತದೆ. ಮುನ್ನೂರು ದಿನದ ಪೆಟ್ರೋಲಿಗೆ ಬಾಡಿಗೆ ಕೊಡುವವರು ಯಾರೂ ಸಿಕ್ಕುವುದಿಲ್ಲ.

ಇಷ್ಟು ಕೇಳಿ, “ಹಾಗಾದರೆ ಪುಟ್ಟ ಕಾರೊಂದನ್ನು ಕೊಂಡು ಮಕ್ಕಳನ್ನು ಒತ್ತಿ ಕೂರಿಸಿದರಾಯಿತು” ಎಂದೀರಿ. ಅಲ್ಲಿ ನಿಲ್ಲಿ. ಈ ಒತ್ತಿ ಕೂರಿಸುವ ವಿಚಾರದಲ್ಲಿ ನಾನು ಸ್ವಲ್ಪ ಕಠಿಣ. ನಮ್ಮಲ್ಲಿ ಮಗುವಿಗೆ ಸೀಟು ಬೇಡ, ತೊಡೆ ಸಾಕು ಎಂಬ ನಂಬಿಕೆ ಬಲವಾಗಿದೆ. ತಾಯಿಯ ತೊಡೆಗಿಂತ ಸುರಕ್ಷಿತವಾದ ಜಾಗ ಲೋಕದಲ್ಲಿ ಇಲ್ಲವೆಂಬುದು ಮನೆಯೊಳಗೆ ನಿಜ. ರಸ್ತೆಯ ಮೇಲೆ ಲೆಕ್ಕ ಬೇರೆ. ಗಂಟೆಗೆ ೪೦ ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ಕಾರು ಯಾವುದಕ್ಕೋ ಢಿಕ್ಕಿಯಾಗಿ ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಂತಿತೆನ್ನಿ. ಆ ಗಳಿಗೆಯಲ್ಲಿ ೧೦ ಕಿಲೋ ತೂಕದ ಮಗು ೧೦೦ ಕಿಲೋಗೂ ಮಿಗಿಲಾದ ಭಾರದಂತೆ ಮುಂದಕ್ಕೆ ಎಳೆಯುತ್ತದೆ. ಯಾವ ತಾಯಿಯ ತೋಳೂ, ಯಾವ ಪೈಲ್ವಾನನ ತೋಳೂ ಅದನ್ನು ಹಿಡಿಯಲಾರದು.

ಕಾನೂನು ಕೂಡ ಇದನ್ನು ಗಮನಿಸಿದೆ. ಮೋಟಾರು ವಾಹನ ಕಾಯ್ದೆಗೆ ೨೦೧೯ರಲ್ಲಿ ಆದ ತಿದ್ದುಪಡಿಯ ಪ್ರಕಾರ, ೧೪ ವರ್ಷ ತುಂಬದ ಮಗುವನ್ನು ಬೆಲ್ಟಿನಿಂದಾಗಲಿ ಮಕ್ಕಳ ರಕ್ಷಣಾ ಸೀಟಿನಿಂದಾಗಲಿ ಭದ್ರಪಡಿಸದೆ ಕರೆದೊಯ್ದರೆ ೧,೦೦೦ ರೂಪಾಯಿ ದಂಡ. ದಂಡದ ಮಾತು ಹಾಗಿರಲಿ. ದೊಡ್ಡವರಿಗಾಗಿ ಮಾಡಿದ ಬೆಲ್ಟು ಸುಮಾರು ನಾಲ್ಕು ಮುಕ್ಕಾಲು ಅಡಿ ಎತ್ತರ ಬೆಳೆಯುವವರೆಗೆ ಮಗುವಿಗೆ ಸರಿಯಾಗಿ ಹೊಂದುವುದಿಲ್ಲ. ಹೆಗಲು ಮತ್ತು ಸೊಂಟದ ಮೂಳೆಯ ಮೇಲೆ ಹಾಯಬೇಕಾದ ಪಟ್ಟಿ ಕುತ್ತಿಗೆ, ಹೊಟ್ಟೆಗಳ ಮೇಲೆ ಹಾಯುತ್ತದೆ. ಅದಕ್ಕಾಗಿ ಕೂಸಿಗೆ ಬೇರೆ ಸೀಟು, ಸ್ವಲ್ಪ ದೊಡ್ಡ ಮಗುವಿಗೆ ಎತ್ತರ ಕೊಡುವ ಬೂಸ್ಟರ್ ಎಂಬ ಮಣೆ ಉಂಟು. ಹಿಂದಕ್ಕೆ ಮುಖ ಮಾಡಿ ಕೂರಿಸುವ ಕೂಸಿನ ಸೀಟನ್ನು, ಏರ್‌ಬ್ಯಾಗ್ ಕೆಲಸ ಮಾಡುವ ಮುಂದಿನ ಆಸನದಲ್ಲಿ ಎಂದೂ ಇಡಬಾರದು. ಉಬ್ಬುವ ಆ ಚೀಲದ ಹೊಡೆತವೇ ಕೂಸಿಗೆ ಕುತ್ತಾಗುತ್ತದೆ.

ಆದ್ದರಿಂದ ಕಾರು ಎಷ್ಟು ಜನರದು ಎಂಬುದನ್ನು ಮಾರುವವನ ಬಾಯಿಂದ ಕೇಳಬೇಡಿ. ಎಷ್ಟು ಬೆಲ್ಟು ಇವೆ, ಅವು ಒಟ್ಟಿಗೆ ನಿಮ್ಮ ಮಕ್ಕಳಿಗೆ ಸಿಕ್ಕುತ್ತವೆಯೇ ಎಂದು ನೋಡಿ. ನೋಂದಣಿ ಪತ್ರದಲ್ಲಿ ಬರೆದ ಆಸನದ ಸಂಖ್ಯೆಯಲ್ಲಿ ಓಡಿಸುವವನೂ ಸೇರಿರುತ್ತಾನೆ ಎಂಬುದನ್ನೂ ಮರೆಯಬೇಡಿ.

ನಮ್ಮ ಶಾಲೆಯ ಗಣಿತದ ಮೇಷ್ಟರ ಸಂಗತಿ ಹೇಳುತ್ತೇನೆ. ಗಂಡ, ಹೆಂಡತಿ, ಮೂರು ಮಕ್ಕಳು, ಮೇಷ್ಟರ ತಾಯಿ, ಒಟ್ಟು ಆರು ಜನ. ಮೇಷ್ಟರು ಅಂಕಿ ಅಂಶಗಳ ಕಾಗದ ಹಿಡಿದು ಷೋರೂಮಿಗೆ ಹೋದರು. ಅವರ ಮನೆಯವರು ಮೂರು ಮಕ್ಕಳನ್ನೂ ಅತ್ತೆಯವರನ್ನೂ ಬಟ್ಟೆ ಹೊಲಿಯುವ ಟೇಪನ್ನೂ ತೆಗೆದುಕೊಂಡು ಹೋದರು. ಮೊದಲು ಐದು ಸೀಟಿನ ಪುಟ್ಟ ಕಾರಿನ ಹಿಂಬದಿಯಲ್ಲಿ ಮೂವರನ್ನೂ ಸಾಲಾಗಿ ಕೂರಿಸಿದರು. ಕೂತದ್ದೇನೋ ಹೌದು, ನಡುವಣ ಹುಡುಗನ ಬೆಲ್ಟಿನ ಕೊಂಡಿ ಮಾತ್ರ ಅಣ್ಣನ ತೊಡೆಯಡಿ ಎಲ್ಲೋ ಅಡಗಿತು. “ಐದು ಜನಕ್ಕೆ ಅಂತೀಯಲ್ಲಪ್ಪ, ಇವನ ಬೆಲ್ಟು ಎಲ್ಲಿ ಸಿಕ್ಕಿಸೋದು ಹೇಳು” ಎಂದು ಆಕೆ ಕೇಳಿದಾಗ ಮಾರುವ ಹುಡುಗ, “ಮೇಡಂ, ಯಾರೂ ಅದನ್ನ ಹಾಕಲ್ಲ” ಎಂದನಂತೆ. ಆಕೆ ಮಕ್ಕಳನ್ನು ಇಳಿಸಿಕೊಂಡು ಮುಂದಿನ ಕಾರಿಗೆ ನಡೆದರು. ಮೇಷ್ಟರ ಕಾಗದದಲ್ಲಿ ಈ ಕೊಂಡಿಯ ಕಲಮೇ ಇರಲಿಲ್ಲ.

ಮೂರು ಸಾಲಿನ ಚಿಕ್ಕ ಕಾರಿನಲ್ಲಿ ಆಕೆ ಅಳೆದದ್ದು ಇನ್ನೊಂದು: ಕಟ್ಟಕಡೆಯ ಸಾಲಿನಲ್ಲಿ ಕೂತ ಮಗುವಿನ ತಲೆಗೂ ಹಿಂದಿನ ಗಾಜಿಗೂ ನಡುವಣ ಅಂತರ. ಅದು ಒಂದು ಗೇಣಿಗಿಂತ ಹೆಚ್ಚಿರಲಿಲ್ಲ. ಹಿಂದಿನಿಂದ ಲಾರಿ ಗುದ್ದಿದರೆ ಮೊದಲು ಪೆಟ್ಟು ಬೀಳುವುದು ಅಲ್ಲಿಗೆ. ಕೊನೆಗೆ ಆಕೆ ಮಾಡಿದ ಏರ್ಪಾಡು ಇದು: ಅಜ್ಜಿಯ ಜೊತೆ ಚಿಕ್ಕವರಿಬ್ಬರು ನಡುವಣ ಸಾಲಿನಲ್ಲಿ, ಎತ್ತರ ಬೆಳೆದ ದೊಡ್ಡ ಮಗಳು ಹಿಂದಿನ ಒಂದು ಸೀಟಿನಲ್ಲಿ, ಅದೂ ಆರೂ ಜನ ಹೊರಟ ದಿನ ಮಾತ್ರ, ಆಕೆಯ ಪಕ್ಕದ ಸೀಟನ್ನು ಕಳಚಿ ಆ ಜಾಗದಲ್ಲಿ ಚೀಲಗಳು. ಅಜ್ಜಿ ಹತ್ತಿ ಇಳಿಯುವಾಗ ಮಂಡಿ ಎಷ್ಟು ಎತ್ತಬೇಕಾಗುತ್ತದೆ ಎಂಬುದನ್ನೂ ಅಳೆಯದೆ ಬಿಡಲಿಲ್ಲವಂತೆ.

ಇಲ್ಲಿ ಒಂದೆರಡು ಕಾರುಗಳ ಹೆಸರು ಹೇಳದೆ ವಿಧಿಯಿಲ್ಲ; ಜಾಹೀರಾತೆಂದು ಭಾವಿಸಬೇಡಿ. ಸಣ್ಣ ಒಡಲಿನಲ್ಲಿ ದೊಡ್ಡ ಸಂಸಾರವನ್ನು ಕೂರಿಸುವ ಪ್ರಯತ್ನ ಹಳೆಯದು. ಇಟಲಿಯ ಫಿಯಟ್ ಕಂಪೆನಿ ೧೯೫೬ರಲ್ಲಿಯೇ ‘೬೦೦ ಮುಲ್ಟಿಪ್ಲಾ’ ಎಂಬ ಕಾರು ತಂದಿತ್ತು. ಮೂರೂವರೆ ಮೀಟರು ಉದ್ದ, ೬೩೩ ಸಿ.ಸಿ. ಎಂಜಿನು, ಮೂರು ಸಾಲಿನಲ್ಲಿ ಆರು ಜನ. ನಮ್ಮಲ್ಲಿ ೧೯೮೪ರಲ್ಲಿ ಬಂದ ಮಾರುತಿ ವ್ಯಾನು, ಮುಂದೆ ಓಮ್ನಿ ಎಂದು ಹೆಸರಾದದ್ದು, ೭೯೬ ಸಿ.ಸಿ. ಎಂಜಿನಿನಲ್ಲಿ ಎಷ್ಟೋ ಸಂಸಾರಗಳನ್ನು ಹೊತ್ತಿತು. ಅದಕ್ಕೆ ಮೂತಿಯೇ ಇರಲಿಲ್ಲ. ಗುದ್ದಿದರೆ ಮುಂದೆ ಕೂತವರ ಮೊಣಕಾಲೇ ಗೋಡೆ. ಹೊಸ ಸುರಕ್ಷತಾ ನಿಯಮಗಳು ಬಂದು ೨೦೧೯ರಲ್ಲಿ ಅದರ ತಯಾರಿಕೆ ನಿಂತಿತು. ಅದೇ ವರ್ಷ ಬಂದ ರೆನೊ ಟ್ರೈಬರ್ ನಾಲ್ಕು ಮೀಟರಿಗೆ ಒಂದು ಸೆಂಟಿಮೀಟರು ಕಡಿಮೆ ಉದ್ದದಲ್ಲಿ ಏಳು ಸೀಟು ಇಟ್ಟುಕೊಂಡಿದೆ. ಏಳೂ ಜನ ಕೂತರೆ ಡಿಕ್ಕಿಯಲ್ಲಿ ಉಳಿಯುವುದು ೮೪ ಲೀಟರ್ ಜಾಗ, ಎರಡು ಶಾಲೆ ಚೀಲಗಳಿಗೆ ಸಾಕು. ಹಿಂದಿನ ಸಾಲನ್ನು ಕಳಚಿದರೆ ಅದೇ ೬೨೫ ಲೀಟರ್ ಆಗುತ್ತದೆ. ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ೨೦೨೧ರಲ್ಲಿ, ಆಗಿನ ಪದ್ಧತಿಯಂತೆ, ಅದನ್ನು ಗುದ್ದಿಸಿ ನೋಡಿ ದೊಡ್ಡವರ ರಕ್ಷಣೆಗೆ ನಾಲ್ಕು ನಕ್ಷತ್ರ, ಮಕ್ಕಳ ರಕ್ಷಣೆಗೆ ಮೂರು ನಕ್ಷತ್ರ ಕೊಟ್ಟಿತು. ಎರಡೂ ಒಂದೇ ಅಲ್ಲವೆಂಬುದನ್ನು ಗಮನಿಸಿ. ೨೦೨೩ರ ಅಕ್ಟೋಬರಿನಿಂದ ನಮ್ಮ ದೇಶದ್ದೇ ಆದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯೂ ಇದೆ. ಯಾವ ಕಾರಾದರೂ ಸರಿ, ಮಕ್ಕಳ ಅಂಕವನ್ನು ಬೇರೆಯಾಗಿ ಕೇಳಿ ತಿಳಿದುಕೊಳ್ಳಿ.

ನಾಲ್ಕು ಮೀಟರಿನ ಈ ಗೆರೆ ತೆರಿಗೆಯ ಗೆರೆಯೂ ಹೌದು. ೨೦೨೫ರ ಸೆಪ್ಟೆಂಬರ್ ೨೨ರಿಂದ, ಉದ್ದ ನಾಲ್ಕು ಮೀಟರ್ ಮೀರದ, ೧,೨೦೦ ಸಿ.ಸಿ. ಒಳಗಿನ ಪೆಟ್ರೋಲ್ ಕಾರಿಗೆ ಜಿ.ಎಸ್.ಟಿ. ೧೮ ಪರ್ಸೆಂಟು, ಗೆರೆ ದಾಟಿದ ಪೆಟ್ರೋಲ್ ಕಾರಿಗೆ ೪೦. ಮಾರುತಿ ಎರ್ಟಿಗಾ ೪.೪ ಮೀಟರಿನಷ್ಟು ಉದ್ದ, ಎಂಜಿನು ೧,೪೬೨ ಸಿ.ಸಿ.; ಅದು ಗೆರೆಯ ಆಚೆ. ಕಾರಿನ ಬೆಲೆ ಮೆಟ್ಟಿಲು ಹತ್ತಿದಂತೆ ನಮ್ಮ ರಾಜ್ಯದ ರಸ್ತೆ ತೆರಿಗೆಯೂ ಜೊತೆಯಲ್ಲೇ ಹತ್ತುತ್ತದೆ. ಹಾಗೆಂದು ದೊಡ್ಡದು ತಪ್ಪೆಂದಲ್ಲ. ವಾರ ವಾರ ಆರೇಳು ಜನ ಶಿರಾಡಿ, ಚಾರ್ಮಾಡಿ ಘಾಟಿ ಹತ್ತಿ ಇಳಿಯುವ ಮನೆಗೆ ಒಂದು ಲೀಟರಿನ ಎಂಜಿನು ಏದುಸಿರು ಬಿಡುತ್ತದೆ. ಅಂಥವರಿಗೆ ಎರ್ಟಿಗಾದಂಥದೇ ಹಿತ. ವರ್ಷಕ್ಕೊಮ್ಮೆ ಹತ್ತುವವರು ಕೆಳ ಗೇರಿನಲ್ಲಿ ಸಾವಧಾನದಿಂದ ಹತ್ತಿದರಾಯಿತು.

ಇನ್ನು ಮೈಲೇಜು. ಇದರಲ್ಲಿ ಬುದ್ಧಿವಂತರೂ ಜಾರುವ ಒಂದು ಜಾಗವಿದೆ. ವರ್ಷಕ್ಕೆ ೧೦,೦೦೦ ಕಿಲೋಮೀಟರ್ ಓಡಾಟ, ಲೆಕ್ಕದ ಸುಲಭಕ್ಕಾಗಿ ಲೀಟರಿಗೆ ೧೦೦ ರೂಪಾಯಿ ಎಂದಿಟ್ಟುಕೊಳ್ಳಿ. ಲೀಟರಿಗೆ ೧೦ ಕಿಲೋಮೀಟರ್ ಕೊಡುವ ಕಾರಿಗೆ ೧,೦೦೦ ಲೀಟರ್ ಬೇಕು. ೧೫ ಕೊಡುವುದಕ್ಕೆ ೬೬೭, ೨೦ ಕೊಡುವುದಕ್ಕೆ ೫೦೦, ೨೫ ಕೊಡುವುದಕ್ಕೆ ೪೦೦. ಹತ್ತರಿಂದ ಹದಿನೈದಕ್ಕೆ ಏರಿದರೆ ವರ್ಷಕ್ಕೆ ೩೩,೩೦೦ ರೂಪಾಯಿ ಉಳಿಯಿತು; ಇಪ್ಪತ್ತರಿಂದ ಇಪ್ಪತ್ತೈದಕ್ಕೆ ಏರಿದರೆ ಹತ್ತೇ ಸಾವಿರ. ಏರಿದ್ದು ಎರಡು ಕಡೆಯೂ ಐದೇ ಕಿಲೋಮೀಟರು! ಆದ್ದರಿಂದ ಭಾರಿ ಕಾರನ್ನು ಬಿಟ್ಟು ಮಧ್ಯಮದ್ದಕ್ಕೆ ಇಳಿಯುವುದೇ ದೊಡ್ಡ ಲಾಭ. ಇಪ್ಪತ್ತು ಕೊಡುವ ಎರಡು ಕಾರುಗಳ ನಡುವೆ ಒಂದೆರಡು ಕಿಲೋಮೀಟರಿನ ಹೆಚ್ಚು ಕಡಿಮೆಗಾಗಿ ತಲೆ ಕೆಡಿಸಿಕೊಂಡು, ಆ ಭರದಲ್ಲಿ ಮಗುವಿನ ಬೆಲ್ಟನ್ನು ಬಿಟ್ಟುಕೊಡುವುದು ಲೆಕ್ಕವೂ ಅಲ್ಲ, ವಿವೇಕವೂ ಅಲ್ಲ.

ಕಂಪೆನಿಯವರು ಹೇಳುವ ಸಂಖ್ಯೆ ಪರೀಕ್ಷಾಲಯದಲ್ಲಿ ಉರುಳೆಗಳ ಮೇಲೆ ಓಡಿಸಿ ಪಡೆದದ್ದು. ಅಲ್ಲಿ ಸಂತೆಬೀದಿಯ ದನಗಳಿಲ್ಲ, ಹಂಪುಗಳಿಲ್ಲ. ನಿಮ್ಮ ಊರಿನಲ್ಲಿ ಅದಕ್ಕಿಂತ ಕಡಿಮೆಯೇ ಬರುತ್ತದೆ. ಶಾಲೆ ಎರಡು ಕಿಲೋಮೀಟರಿನಲ್ಲಿದ್ದರೆ ಎಂಜಿನು ಬಿಸಿಯಾಗುವ ಹೊತ್ತಿಗೆ ಶಾಲೆಯೇ ಬಂದಿರುತ್ತದೆ, ಆ ಓಡಾಟದಲ್ಲಿ ಎಣ್ಣೆ ಹೆಚ್ಚು ಸುಡುತ್ತದೆ. ಬಂಕಿನ ಪೆಟ್ರೋಲಿನಲ್ಲಿ ಈಗ ೨೦ ಪರ್ಸೆಂಟು ಎಥನಾಲ್ ಬೆರೆತಿದೆ. ಎಥನಾಲಿನ ಒಂದು ಲೀಟರಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಪಾಲು ಶಕ್ತಿ ಕಡಿಮೆ, ಅಷ್ಟರಮಟ್ಟಿಗೆ ಮೈಲೇಜೂ ತುಸು ಇಳಿಯುತ್ತದೆ. ಸಿ.ಎನ್.ಜಿ. ಅಗ್ಗವೆನ್ನುವವರು ಎರಡು ವಿಷಯ ನೋಡಿಕೊಳ್ಳಲಿ: ನಿಮ್ಮ ತಾಲ್ಲೂಕಿನಲ್ಲಿ ಅದರ ಬಂಕು ಉಂಟೇ, ಸಿಲಿಂಡರು ಕೂತ ಮೇಲೆ ಡಿಕ್ಕಿಯಲ್ಲಿ ಎಷ್ಟು ಉಳಿಯುತ್ತದೆ. ಮಾಡಿನ ಮೇಲೆ ಕ್ಯಾರಿಯರ್ ಕಟ್ಟಿಸಿ ಅದನ್ನು ವರ್ಷವೆಲ್ಲ ಹಾಗೆಯೇ ಬಿಡುವುದು ಗಾಳಿಯನ್ನು ತಳ್ಳಲು ಪೆಟ್ರೋಲು ಸುಟ್ಟಂತೆ. ಊರಿಂದ ಬಂದ ದಿನವೇ ಬಿಚ್ಚಿಡಿ. ಟೈರಿನ ಗಾಳಿಯನ್ನು ಹದಿನೈದು ದಿನಕ್ಕೊಮ್ಮೆ ನೋಡಿಸಿ. ಏಳು ಜನ ಹೊರಡುವ ದಿನ ಗಾಳಿ ಎಷ್ಟಿರಬೇಕೆಂಬುದನ್ನು ಬಾಗಿಲ ಅಂಚಿನ ಚೀಟಿಯಲ್ಲಿ ಬೇರೆಯಾಗಿ ಅಚ್ಚುಹಾಕಿರುತ್ತಾರೆ, ಓದಿಕೊಳ್ಳಿ.

ಕೊಳ್ಳುವ ಮುಂಚೆ ಓಡಿಸಿ ನೋಡಲು ಕಾರು ಕೊಡುತ್ತಾರಷ್ಟೆ. ಆಗ ಯಜಮಾನರೊಬ್ಬರೇ ಹೋಗಿ ಸಪಾಟು ರಸ್ತೆಯಲ್ಲಿ ಒಂದು ಸುತ್ತು ಹಾಕಿ ಬರುವುದು ವಾಡಿಕೆ. ಭಾನುವಾರ ಹೋಗಿ. ಅಜ್ಜಿಯಿಂದ ಕೂಸಿನವರೆಗೆ ಎಲ್ಲರನ್ನೂ ಕೂರಿಸಿ, ಎಲ್ಲರ ಬೆಲ್ಟೂ ಬಿಗಿದು, ಎಸಿ ಹಾಕಿಕೊಂಡು, ಊರಿನಲ್ಲಿರುವ ಅತ್ಯಂತ ಕಡಿದಾದ ಏರಿನ ನಡುವೆ ನಿಲ್ಲಿಸಿ ಮತ್ತೆ ಹೊರಡಿಸಿ. ಕಾರು ಹಿಂದಕ್ಕೆ ಸರಿಯದೆ ಮೇಲೆ ಹತ್ತಿತೇ, ಹಿಂದಿನ ಸಾಲಿಗೆ ತಂಪು ತಲುಪಿತೇ ಎಂಬುದನ್ನು ಹಿಂದೆ ಕೂತ ಮಕ್ಕಳನ್ನೇ ಕೇಳಿ. ಮುಂಗಡದ ಹಣವನ್ನು ಆಮೇಲೆ ಕೊಡಬಹುದು.