ಯಾರು ಯಾರನ್ನು ಕರೆಯುತ್ತಾರೆ?



ಉರ್ದು, ಕನ್ನಡ ಕಲಿಸುವ ಮಾಸ್ತರನಿಗೆ ಕಂಪ್ಯೂಟರ್ ಪ್ರೋಗ್ರಾಮಿನ ಉಸಾಬರಿ ಯಾಕೆ ಎಂದು ನಿಮಗೆ ಅನ್ನಿಸಬಹುದು. ನನಗೂ ಅದು ಬೇಕಾಗಿರಲಿಲ್ಲ. ಆದರೆ ನನ್ನ ಕೈಯಿಂದಲೇ ಒಂದು ತಪ್ಪಾಯಿತು. ಮಾತನ್ನು ಅಲ್ಲಿಂದಲೇ ಆರಂಭಿಸುತ್ತೇನೆ.

ನಾನು ಮೊದಲಿದ್ದ ಶಾಲೆಯಲ್ಲಿ ಅಂಕಪಟ್ಟಿ ತಯಾರಿಸಲು ಸಿ ಭಾಷೆಯ ಒಂದು ಪ್ರೋಗ್ರಾಂ ಇತ್ತು. ಬರೆದುಕೊಟ್ಟ ಹಳೆಯ ವಿದ್ಯಾರ್ಥಿ ಬೆಂಗಳೂರು ಸೇರಿದ್ದ. ಅದರೊಳಗೆ ಸುಮಾರು ನಲವತ್ತು ಫಂಕ್ಷನ್‌ಗಳು. ಫಂಕ್ಷನ್ ಎಂದರೆ ಹೆಸರಿಟ್ಟ ಒಂದು ಸಣ್ಣ ಕೆಲಸ. ಬೇಕಾದಾಗ ಒಂದು ಇನ್ನೊಂದನ್ನು ಹೆಸರು ಹಿಡಿದು ಕರೆಯುತ್ತದೆ. ಪ್ರಗತಿಪತ್ರದಲ್ಲಿ ದಶಾಂಶ ಬೇಡವೆಂದು ಮುಖ್ಯಗುರುಗಳು ಹೇಳಿದರು. ನಾನು ‘ಸರಾಸರಿ’ ಎಂಬ ಫಂಕ್ಷನ್ನಿನಲ್ಲಿ ಒಂದೇ ಸಾಲು ತಿದ್ದಿ ಬಿಂದುವಿನ ನಂತರದ ಅಂಕಿಗಳನ್ನು ಕತ್ತರಿಸಿದೆ. ಪ್ರಗತಿಪತ್ರಗಳನ್ನು ಮುದ್ರಿಸಿ ನೋಡಿದೆ, ಚೆನ್ನಾಗಿಯೇ ಬಂದವು.

ಕೆಲವು ದಿನಗಳ ನಂತರ ಜೈನಾಪುರದ ಕಡೆಯಿಂದ ಬರುತ್ತಿದ್ದ ಒಬ್ಬ ಹುಡುಗಿಯ ತಂದೆ ಬಂದರು. ದಾನಿಗಳೊಬ್ಬರ ವಿದ್ಯಾರ್ಥಿವೇತನದ ಪಟ್ಟಿಯಲ್ಲಿ ಮಗಳ ಹೆಸರಿರಲಿಲ್ಲ. ನಿಯಮ ಶೇಕಡಾ 60ಕ್ಕಿಂತ ಹೆಚ್ಚು ಎಂದಿತ್ತು. “ಸರ, ನೀವ ಒಮ್ಮೆ ಕೂಡಿಸಿ ನೋಡ್ರಿ” ಎಂದು ಕಾರ್ಡು ಮುಂದಿಟ್ಟರು. 625ಕ್ಕೆ 377. ಅಂದರೆ ಶೇಕಡಾ 60.32. ನನ್ನ ಕತ್ತರಿ ಅದನ್ನು 60 ಮಾಡಿತ್ತು; 60 ಎಂಬುದು 60ಕ್ಕಿಂತ ಹೆಚ್ಚಲ್ಲ! ಅರ್ಜಿಗೆ ಇನ್ನೆರಡೇ ದಿನ ಉಳಿದಿದ್ದವು. ಅರ್ಜಿ ಹೋಯಿತು, ಹಣವೂ ಬಂತು. ಆದರೆ ಅದು ಆ ತಂದೆಯ ಲೆಕ್ಕದ ಪುಣ್ಯ, ನನ್ನದಲ್ಲ.

ಆಮೇಲೆ ಹುಡುಕಿದಾಗ ತಿಳಿದದ್ದು: ‘ಸರಾಸರಿ’ಯನ್ನು ಪ್ರಗತಿಪತ್ರ ಮಾತ್ರ ಕರೆಯುತ್ತಿರಲಿಲ್ಲ. ‘ಸ್ಥಾನ’ ಎಂಬ ಫಂಕ್ಷನ್ ಕೂಡ ಕರೆಯುತ್ತಿತ್ತು, ಆ ‘ಸ್ಥಾನ’ವನ್ನು ‘ವೇತನಪಟ್ಟಿ’ ಕರೆಯುತ್ತಿತ್ತು. ನಡುವೆ ಒಂದು ಮನೆ ದಾಟಿದ ನಂಟು. ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಯಾವ ಫಂಕ್ಷನ್ ಯಾವುದನ್ನು ಕರೆಯುತ್ತದೆ ಎಂದು ಗೆರೆ ಎಳೆದು ತೋರಿಸುವ ಚಿತ್ರಕ್ಕೆ ಕಾಲ್ ಗ್ರಾಫ್ ಎನ್ನುತ್ತಾರೆ. ಕರೆನಕ್ಷೆ ಎನ್ನೋಣ. ಇದನ್ನು ಕೈಯಿಂದ ಬರೆಯಬೇಕಾಗಿಲ್ಲ. ಸಿ ಭಾಷೆಗೆ ಗ್ನೂ ಸಿಫ್ಲೋ ಎಂಬ ಉಚಿತ ಸಲಕರಣೆ ಇದೆ. ‘ಸಿಫ್ಲೋ’ ಎಂದು ಬರೆದು ಮುಂದೆ ಕಡತದ ಹೆಸರು ಕೊಟ್ಟರೆ ‘ಮೇನ್’ನಿಂದ ಹಿಡಿದು ವಂಶವೃಕ್ಷದಂತೆ ಸಾಲುಗಳನ್ನು ಒಳಗೊಳಗೆ ಸರಿಸುತ್ತ ಬರೆದುಕೊಡುತ್ತದೆ. ‘ರಿವರ್ಸ್’ ಎಂಬ ಆಯ್ಕೆ ಸೇರಿಸಿದರೆ ಮರ ತಿರುವುಮುರುವಾಗುತ್ತದೆ: ಈ ಫಂಕ್ಷನ್ನನ್ನು ಕರೆಯುವವರು ಯಾರು, ಅವರನ್ನು ಕರೆಯುವವರು ಯಾರು. ನನಗೆ ಅಂದು ಬೇಕಾಗಿದ್ದದ್ದು ಇಷ್ಟೇ.

ಇಲ್ಲಿ ಒಂದು ಸೂಕ್ಷ್ಮವಿದೆ. ಸಿಫ್ಲೋ ಪ್ರೋಗ್ರಾಮನ್ನು ಓಡಿಸುವುದಿಲ್ಲ, ಓದುತ್ತದೆ. ಇದಕ್ಕೆ ಸ್ಟ್ಯಾಟಿಕ್ ಅನಾಲಿಸಿಸ್ ಎಂದು ಹೆಸರು. ಓಡಿಸಿ ನಕ್ಷೆ ತೆಗೆಯುವ ಕ್ರಮವೂ ಉಂಟು. 1982ರಲ್ಲಿ ಬರ್ಕ್ಲಿಯವರು ಪ್ರಕಟಿಸಿದ ಜಿಪ್ರಾಫ್ ಅಂಥದ್ದು. ಆದರೆ ಓಡಿಸಿದಾಗ ಆ ದಿನ ನಡೆದ ಕೆಲಸ ಮಾತ್ರ ಕಾಣುತ್ತದೆ. ನಾನು ಅಂದು ಪ್ರಗತಿಪತ್ರ ಮಾತ್ರ ಮುದ್ರಿಸಿದ್ದೆ. ವೇತನಪಟ್ಟಿಯ ದಾರಿಯಲ್ಲಿ ಯಾರೂ ನಡೆದಿರಲಿಲ್ಲ. ಓದುವವನಿಗಾದರೆ ಯಾರೂ ನಡೆಯದ ದಾರಿಯೂ ಕಾಣುತ್ತದೆ. ಎಂದೂ ನಡೆಯಲಾರದ ದಾರಿಯೂ ಕಾಣುತ್ತದೆ, ಅದು ಅದರ ದೋಷ.

ಇನ್ನೊಂದು ತೊಡಕನ್ನು ಭಾಷಾ ಶಿಕ್ಷಕನಾಗಿ ಹೇಳುತ್ತೇನೆ. “ಫಾತಿಮಾಳನ್ನು ಕರೆ” ಎಂದರೆ ಸಂಶಯವಿಲ್ಲ. “ಅವಳನ್ನು ಕರೆ” ಎಂದರೆ? ತರಗತಿಯ ಯಾವ ಹುಡುಗಿಯೂ ಆಗಬಹುದು, ಹುಡುಗರು ಮಾತ್ರ ಬಿಟ್ಟುಹೋದರು. ಉರ್ದುವಿನಲ್ಲಿ “ಉಸ್‌ಕೊ ಬುಲಾವೊ” ಎಂದರೆ ಹುಡುಗನೋ ಹುಡುಗಿಯೋ ಅದೂ ತಿಳಿಯದು, ಇಡೀ ತರಗತಿಯೇ ಎದ್ದು ನಿಲ್ಲಬೇಕು. ಸಿ ಭಾಷೆಯಲ್ಲಿ ಫಂಕ್ಷನ್ ಪಾಯಿಂಟರ್ ಎಂಬುದು ಇಂಥ ಸರ್ವನಾಮ. ಅದು ಯಾರನ್ನು ತೋರಿಸುತ್ತಿದೆ ಎಂಬುದು ಓಡುವಾಗ ನಿರ್ಧಾರವಾಗುತ್ತದೆ. ಸರಳ ಸಲಕರಣೆಗಳು ಅಲ್ಲಿ ಗೆರೆ ಎಳೆಯದೆ ಬಿಡಬಹುದು. ಜಾಣ ಸಲಕರಣೆ ಕನ್ನಡದ ಲಿಂಗದಂತೆ ಫಂಕ್ಷನ್ನಿನ ಟೈಪ್ ನೋಡಿ ಹೊಂದುವವರಿಗೆಲ್ಲ ಗೆರೆ ಎಳೆಯುತ್ತದೆ. ಪೈಥಾನ್ ಕಲಿಯುವವರೆ, ನಿಮ್ಮ ಭಾಷೆಯಲ್ಲಿ ಬಹುತೇಕ ಕರೆ “ಉಸ್‌ಕೊ ಬುಲಾವೊ” ಜಾತಿಯದೇ. ಅದಕ್ಕೇ ಅಲ್ಲಿ ಕರೆನಕ್ಷೆ ಇನ್ನೂ ಕಷ್ಟ. ಫಂಕ್ಷನ್ನನ್ನೇ ಇನ್ನೊಂದರ ಕೈಗೆ ಒಪ್ಪಿಸಿದಾಗ ನಕ್ಷೆ ಕಟ್ಟುವುದು ಹೇಗೆಂದು ಬಾರ್ಬರಾ ರೈಡರ್ ಎಂಬ ವಿದುಷಿ 1979ರಲ್ಲೇ ಬರೆದರು. ಎಲ್ಲ ಪ್ರೋಗ್ರಾಮುಗಳಿಗೂ ತಪ್ಪೇ ಇಲ್ಲದ ನಕ್ಷೆ ಕೊಡುವ ಸಲಕರಣೆ ಇರಲಾರದು ಎಂಬುದು 1953ರ ರೈಸ್ ಪ್ರಮೇಯದಿಂದ ಸಿದ್ಧವಾಗುತ್ತದೆ. ಅದಕ್ಕೆ ಮನುಷ್ಯನ ಕಣ್ಣು ಬೇಕೇ ಬೇಕು.

ನಮ್ಮ ರಾಜ್ಯಕ್ಕೂ ಇದಕ್ಕೂ ಹಳೆಯ ನಂಟಿದೆ. 2000ಕ್ಕೆ ಮುಂಚೆ ವೈಟುಕೆ ಗಾಬರಿಯಲ್ಲಿ ಬೆಂಗಳೂರಿನ ಕಂಪನಿಗಳಿಗೆ ಹೊರದೇಶಗಳ ಹಳೆಯ ಕೋಬಾಲ್ ಪ್ರೋಗ್ರಾಮುಗಳು ರಾಶಿರಾಶಿಯಾಗಿ ಬಂದವು. ಇಸವಿಗೆ ಎರಡೇ ಅಂಕಿ. ತಿದ್ದುವುದು ಸುಲಭ, ಆ ಇಸವಿಯನ್ನು ಎಲ್ಲೆಲ್ಲಿ ಯಾರು ಬಳಸುತ್ತಾರೆ ಎಂದು ಪತ್ತೆ ಹಚ್ಚುವುದೇ ದೊಡ್ಡ ಕೆಲಸ. ಇಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೋಗ್ರಾಂ ಅನಾಲಿಸಿಸ್ ಒಂದು ಸಂಶೋಧನಾ ವಿಷಯ. ಟಿಕೋಟಾ, ಬಬಲೇಶ್ವರದ ಮಕ್ಕಳು ಅಲ್ಲಿಗೆ ಹೋಗಬಾರದೆಂದು ಯಾರೂ ಬರೆದಿಟ್ಟಿಲ್ಲ.

ಉಬುಂಟು ಇರುವ ಯಾವ ಕಂಪ್ಯೂಟರಿನಲ್ಲೂ ಸಿಫ್ಲೋ ಹಾಕಿಕೊಳ್ಳಬಹುದು. ಗೆರೆಗಳ ಚಿತ್ರವೇ ಬೇಕೆಂದರೆ ಡಾಕ್ಸಿಜನ್ ಮತ್ತು ಗ್ರಾಫ್‌ವಿಜ್ ಎರಡನ್ನೂ ಸೇರಿಸಿ ಬಳಸಿರಿ. ಮೊದಲು ನಿಮ್ಮದೇ ಸಣ್ಣ ಪ್ರೋಗ್ರಾಮಿನ ನಕ್ಷೆಯನ್ನು ಪೆನ್ಸಿಲ್ಲಿನಲ್ಲಿ ಬರೆದು, ಆಮೇಲೆ ಸಲಕರಣೆಯ ನಕ್ಷೆಯೊಂದಿಗೆ ತಾಳೆ ನೋಡಿರಿ. ಎರಡರಲ್ಲಿ ವ್ಯತ್ಯಾಸ ಬಂದ ಹಾಳೆಗಳನ್ನು ನನ್ನ ಹತ್ತಿರ ತನ್ನಿರಿ. ಮಧ್ಯಾಹ್ನದ ಬಿಡುವಿನಲ್ಲಿ ಸ್ಟಾಫ್ ರೂಮಿನಲ್ಲೇ ಇರುತ್ತೇನೆ. ನನ್ನ ಆ ಅಂಕಪಟ್ಟಿಯ ನಕ್ಷೆಯೂ ಕಪಾಟಿನಲ್ಲಿದೆ, ‘ಸರಾಸರಿ’ಯ ಸುತ್ತ ಕೆಂಪು ಶಾಯಿ ಹಾಕಿಟ್ಟಿದ್ದೇನೆ. ಖುದಾ ಹಾಫಿಜ್.