ಯಾವ ದೇಶದವರು ಕಂಜೂಸ್? ಹಂಪಿ–ಗೋಕರ್ಣ ದಾರಿಯ ರೊಕ್ಕದ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇವೆ.)

 

ನಾನು ಕಲಘಟಗಿಯವನು. ನಮ್ಮೂರಿಗೆ ಫಾರಿನ್ ಟೂರಿಸ್ಟ್ ಬರೋದು ಕಡಿಮೆ, ನಮ್ಮೂರನ್ನ ದಾಟಿ ಹೋಗೋರೇ ಹೆಚ್ಚು. ನಕ್ಷೆ ತೆಗೆದು ನೋಡಿ: ಹಂಪಿಯಿಂದ ಗೋಕರ್ಣಕ್ಕೆ ಹೊರಟರೆ ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ, ಆಮೇಲೆ ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಅಂಕೋಲಾ. ಒಂದು ಕಡೆ ಕಲ್ಲಿನ ರಥ, ಇನ್ನೊಂದು ಕಡೆ ಕಡಲು, ನಡುವೆ ನಾವು. ಚಾ ಕುಡಿಯೋಕೆ ಗಾಡಿ ನಿಲ್ಲಿಸಿದಾಗ ಮಾತ್ರ ಅವರ ಮುಖ ನಮಗೆ ಕಾಣೋದು.

ಹೈವೇ ಪಕ್ಕದ ಚಾದಂಗಡಿ ಕಾಕಾ ಒಬ್ಬರು ಬೆನ್ನಿಗೆ ದೊಡ್ಡ ಚೀಲ ಹಾಕಿದ ಯಾರನ್ನೇ ನೋಡಲಿ, ದೇಶ ಹೇಳಿಬಿಡ್ತಾರೆ. ದೇಶದ ಜೊತೆಗೆ ಕಿಸೆನೂ ಹೇಳ್ತಾರೆ. "ಇವ ಇಸ್ರೇಲಿನಾಂವ, ಚೌಕಾಸಿ ಮಾಡ್ತಾನ. ಅಕಿ ಅಮೆರಿಕಾದಾಕಿ, ಚಿಲ್ಲರ ವಾಪಸ್ ಕೇಳಂಗಿಲ್ಲ ನೋಡು."

ಇದನ್ನ ಕೇಳಿ ನಾವು ನಗ್ತಿದ್ವಿ. ಆದರೆ ಇದು ಬರೀ ನಗುವ ಮಾತಲ್ಲ ಅಂತ ನನಗೆ ಗೊತ್ತಾಗಿದ್ದು ಗೋಕರ್ಣದಲ್ಲಿ.

2022ರ ಡಿಸೆಂಬರ್‌ನಿಂದ ಮೂರು ತಿಂಗಳು ಕುಡ್ಲೆ ಬೀಚ್‌ನ ಒಂದು ಶ್ಯಾಕ್‌ನಲ್ಲಿ ಕೆಲಸ ಮಾಡಿದೆ. ಮೊದಲ ದಿನವೇ ಹಳೇ ಹುಡುಗರು ಪಾಠ ಹೇಳಿಕೊಟ್ಟರು. ಬ್ರಿಟಿಷರು ಬಿಯರ್‌ಗೆ ಬಿಚ್ಚುಗೈ. ಜರ್ಮನ್ನರು ಬಿಲ್ಲನ್ನ ಎರಡು ಸಲ ಕೂಡಿಸಿ ನೋಡ್ತಾರೆ. ಫ್ರೆಂಚರು ಟಿಪ್ಸ್ ಇಡಲ್ಲ. ಯಾರನ್ನ ಕಡಲು ಕಾಣೋ ಟೇಬಲ್ಲಿಗೆ ಕೂರಿಸಬೇಕು, ಯಾರನ್ನ ಅಡುಗೆಮನೆ ಪಕ್ಕಕ್ಕೆ ಕಳಿಸಬೇಕು ಅನ್ನೋದೂ ಈ ಪಾಠದ ಪ್ರಕಾರವೇ.

ಆ ಸೀಸನ್‌ನಲ್ಲಿ ರಷ್ಯಾದ ಒಂದು ಜೋಡಿ ದಿನಾ ಬರ್ತಿತ್ತು. ಇಬ್ಬರಿಗೂ ಸೇರಿ ಒಂದೇ ಊಟ. ನೋಟುಗಳನ್ನ ಎಣಿಸಿ, ಮತ್ತೆ ಎಣಿಸಿ ಕೊಡೋರು. ನಾನು ಅವರಿಗೆ ಮನಸ್ಸಿನಲ್ಲೇ ಕಂಜೂಸ್ ಅಂತ ಹೆಸರಿಟ್ಟು, ದಿನಾ ಅಡುಗೆಮನೆ ಪಕ್ಕದ ಟೇಬಲ್ಲೇ ತೋರಿಸ್ತಿದ್ದೆ. ಒಂದು ದಿನ ಆತ ಪರ್ಸ್ ತೆಗೆದು ಎರಡು ಬ್ಯಾಂಕ್ ಕಾರ್ಡ್ ಟೇಬಲ್ ಮೇಲಿಟ್ಟು, "ಪ್ಲಾಸ್ಟಿಕ್, ಓನ್ಲಿ ಪ್ಲಾಸ್ಟಿಕ್" ಅಂತ ನಕ್ಕ.

ಆಗ ನನಗೆ ಅರ್ಥ ಆಗಲಿಲ್ಲ, ಆಮೇಲೆ ಮೊಬೈಲ್‌ನಲ್ಲಿ ಹುಡುಕಿ ಓದಿದೆ. ಉಕ್ರೇನ್ ಯುದ್ಧ ಶುರುವಾದ ಮೇಲೆ, 2022ರ ಮಾರ್ಚ್‌ನಲ್ಲಿ, ವೀಸಾ ಮತ್ತು ಮಾಸ್ಟರ್‌ಕಾರ್ಡ್ ಕಂಪನಿಗಳು ರಷ್ಯಾದಲ್ಲಿ ವ್ಯವಹಾರ ನಿಲ್ಲಿಸಿದವು. ರಷ್ಯಾದ ಬ್ಯಾಂಕ್ ಕೊಟ್ಟ ಆ ಕಾರ್ಡ್‌ಗಳು ಹೊರದೇಶದಲ್ಲಿ ಕೆಲಸ ಮಾಡೋದು ನಿಂತುಹೋಯ್ತು. ಅಂದ್ರೆ ಅವನ ಖಾತೆಯಲ್ಲಿ ರೊಕ್ಕ ಇದ್ದರೂ ಗೋಕರ್ಣದ ಎಟಿಎಂನಿಂದ ಬರಲ್ಲ. ಮನೆ ಬಿಡುವಾಗ ತಂದ ನಗದಿನಲ್ಲೇ ಪ್ರವಾಸ ಮುಗಿಸಬೇಕು. ನಾವಾಗಿದ್ದರೂ ಎಣಿಸ್ತಿರಲಿಲ್ವಾ? ನಾನು ಒಂದು ದೇಶದ ಸ್ವಭಾವ ಅಂದ್ಕೊಂಡಿದ್ದು ಕೆಲಸ ಮಾಡದ ಒಂದು ಕಾರ್ಡ್ ಆಗಿತ್ತು.

ಇನ್ನು ಟಿಪ್ಸ್. 2009ರಲ್ಲಿ ಎಕ್ಸ್‌ಪೀಡಿಯಾ ಬೇರೆ ಬೇರೆ ದೇಶಗಳ ಹೋಟೆಲ್‌ನವರನ್ನ ಕೇಳಿ ಒಂದು ಪಟ್ಟಿ ಮಾಡಿತ್ತು. ಒಳ್ಳೆ ಟೂರಿಸ್ಟ್ ಅಂದ್ರೆ ಜಪಾನಿನವರು, ಕೊನೇ ಸ್ಥಾನ ಫ್ರೆಂಚರಿಗೆ. ಕೈ ಬಿಗಿ ಅನ್ನೋದೂ ಅವರ ಮೇಲಿನ ದೂರು. ಆದರೆ ಫ್ರಾನ್ಸ್‌ನಲ್ಲಿ ಹೋಟೆಲ್ ಊಟದ ದರದಲ್ಲೇ ಸೇವಾ ಶುಲ್ಕ ಸೇರಿರುತ್ತೆ. ಅಲ್ಲಿ ಬೆಳೆದವರಿಗೆ ಬಿಲ್ ಕಟ್ಟಿದರೆ ಲೆಕ್ಕ ಮುಗೀತು. ಜಪಾನಿನಲ್ಲಿ ಟಿಪ್ಸ್ ಕೊಡೋ ಪದ್ಧತಿಯೇ ಇಲ್ಲ, ಕೊಟ್ಟರೆ ಮುಜುಗರ ಪಟ್ಟು ವಾಪಸ್ ಕೊಡೋರೂ ಇದ್ದಾರೆ. ಅಮೆರಿಕದಲ್ಲಿ ಟಿಪ್ಸ್ ಪಡೆಯೋ ನೌಕರರಿಗೆ ಮಾಲೀಕ ಕೊಡಲೇಬೇಕಾದ ಕನಿಷ್ಠ ಕೂಲಿ, ಕೇಂದ್ರ ಕಾನೂನಿನ ಪ್ರಕಾರ, 1991ರಿಂದ ಗಂಟೆಗೆ 2.13 ಡಾಲರ್ ಅಷ್ಟೇ. ಕೆಲವು ರಾಜ್ಯಗಳಲ್ಲಿ ಜಾಸ್ತಿ ಇದೆ. ಆದರೂ ಸಪ್ಲೈಯರ್ ಸಂಬಳ ಅನ್ನೋದು ಗಿರಾಕಿ ಕೈಯಲ್ಲೇ ಇದೆ ಅಂತ ಅಲ್ಲಿನ ಎಲ್ಲರಿಗೂ ಗೊತ್ತು. ಹಾಗಾಗಿ ಅಮೆರಿಕದವಳು ಚಾದಂಗಡಿಯಲ್ಲಿ ಚಿಲ್ಲರೆ ಬಿಟ್ಟು ಹೋದರೆ ಅದು ಅವಳ ಊರಿನ ರೂಢಿ. ಕೊಡದೇ ಹೋದ ಜಪಾನಿನವನದ್ದೂ ಅವನ ಊರಿನ ರೂಢಿಯೇ.

ಇಸ್ರೇಲಿನವರ ಚೌಕಾಸಿ ಮಾತಿಗೆ ಬರೋಣ. ಇದರ ದೊಡ್ಡ ಕತೆ ಇರೋದು ಹಂಪಿಯಲ್ಲಿ, ತುಂಗಭದ್ರೆಯ ಆಚೆ ದಡದ ವಿರುಪಾಪುರ ಗಡ್ಡಿಯಲ್ಲಿ. ಅಲ್ಲಿ ಹೀಬ್ರೂ ಭಾಷೆಯಲ್ಲಿ ಬರೆದ ಬೋರ್ಡ್, ಹೀಬ್ರೂ ಮೆನು, ನೆಲದ ಮೇಲೆ ಗಾದಿ ಹಾಕಿದ ಹೋಟೆಲ್‌ಗಳು ಇದ್ದವು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅವು ಅಕ್ರಮ ಕಟ್ಟಡಗಳು ಅಂತ ತೀರ್ಪು ಎತ್ತಿಹಿಡಿದ ಮೇಲೆ, ಮಾರ್ಚ್‌ನಲ್ಲಿ ಕೆಡವಿದರು.

ಅಲ್ಲಿಗೆ ಬರ್ತಿದ್ದವರಲ್ಲಿ ಹೆಚ್ಚಿನವರು ಇಪ್ಪತ್ತೆರಡು, ಇಪ್ಪತ್ಮೂರರ ಹುಡುಗ ಹುಡುಗಿಯರು. ಇಸ್ರೇಲಿನಲ್ಲಿ ಹೆಚ್ಚಿನ ಯುವಜನರಿಗೆ ಸೇನಾ ಸೇವೆ ಕಡ್ಡಾಯ. ಅದು ಮುಗಿದ ಮೇಲೆ ಕೂಡಿಟ್ಟ ರೊಕ್ಕ ಹಿಡ್ಕೊಂಡು ತಿಂಗಳುಗಟ್ಟಲೆ ತಿರುಗೋದು ಅಲ್ಲಿನ ವಾಡಿಕೆ.

ಈಗ ಒಂದು ಲೆಕ್ಕ ಮಾಡೋಣ. ಮೊಬೈಲ್ ಕ್ಯಾಲ್ಕುಲೇಟರ್ ತೆಗೀರಿ. ಇಬ್ಬರ ಹತ್ರನೂ 3 ಲಕ್ಷ ರೂಪಾಯಿ ಇದೆ ಅಂತ ಇಟ್ಕೊಳ್ಳಿ. ಒಬ್ಬನಿಗೆ ಆಫೀಸಿನಲ್ಲಿ 10 ದಿನ ರಜೆ. ದಿನಕ್ಕೆ 30,000 ಖರ್ಚು ಮಾಡಬಹುದು. ಇನ್ನೊಬ್ಬ 180 ದಿನ ತಿರುಗಬೇಕು. ದಿನಕ್ಕೆ ಸುಮಾರು 1,666. ಮೊದಲನೆಯವನು ಸಾಹೇಬ, ಎರಡನೆಯವನು ಕಂಜೂಸ್ ಅಂತ ನಾವು ಹೆಸರಿಡ್ತೀವಿ. ಇಬ್ಬರೂ ಖರ್ಚು ಮಾಡಿದ್ದು ಅಷ್ಟೇ ರೊಕ್ಕ!

ಅಷ್ಟೇ ಅಲ್ಲ, ರೊಕ್ಕ ಯಾರ ಕೈಗೆ ಹೋಗುತ್ತೆ ಅನ್ನೋದೂ ನೋಡಬೇಕು. 2008ರಲ್ಲಿ ಶುರುವಾದ ಗೋಲ್ಡನ್ ಚಾರಿಯಟ್ ಅನ್ನೋ ಐಷಾರಾಮಿ ರೈಲು ಹಂಪಿಗೂ ಬರುತ್ತೆ. ಟಿಕೆಟ್ ಲಕ್ಷಗಳ ಲೆಕ್ಕ. ಊಟ, ನಿದ್ದೆ ರೈಲಿನಲ್ಲೇ, ಕಟ್ಟೋದೂ ಮುಂಚೆಯೇ. ಅದರಿಂದ ಇಳಿದ ಜರ್ಮನ್ ಅಜ್ಜ, ಬಾಡಿಗೆ ಸೈಕಲ್ ತುಳಿಯೋ ಜರ್ಮನ್ ಹುಡುಗ, ಇಬ್ಬರೂ ಒಂದೇ ದೇಶದವರು. ಹಂಪಿಯ ಇಡ್ಲಿ ಗಾಡಿಯವಳಿಗೆ, ಸೈಕಲ್ ಬಾಡಿಗೆಯವನಿಗೆ, ತೆಪ್ಪದವನಿಗೆ ದಿನಾ ಕೊಡೋನು ಆ ಹುಡುಗ. ಮೈಸೂರಿನ ಗೋಕುಲಂನಲ್ಲೂ ಹೀಗೇ. ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗ ಕಲಿಯೋಕೆ ಬಂದವರು ತಿಂಗಳುಗಟ್ಟಲೆ ಮನೆ ಬಾಡಿಗೆ ಹಿಡೀತಾರೆ, ಸಂತೆ ಮಾಡ್ತಾರೆ, ಎಳನೀರು ಕುಡೀತಾರೆ. ದಿನದ ಖರ್ಚು ಸಣ್ಣದು, ಆದರೆ ಓಣಿ ನಡೆಯುತ್ತೆ.

ಹಾಗಂತ ದೇಶ ನೋಡಿ ದರ ಹೇಳೋದು ಚಾದಂಗಡಿ ಕಾಕಾ ಒಬ್ಬರೇ ಅಲ್ಲ. ಹಂಪಿಯ ವಿಜಯ ವಿಠ್ಠಲ ದೇವಸ್ಥಾನದ ಟಿಕೆಟ್ 2018ರಲ್ಲಿ ಪರಿಷ್ಕಾರ ಆದಾಗ ನಮಗೆ 40 ರೂಪಾಯಿ, ವಿದೇಶಿಯರಿಗೆ 600 ಆಯ್ತು. ಸಾರ್ಕ್ ಮತ್ತು ಬಿಮ್‌ಸ್ಟೆಕ್ ದೇಶಗಳವರಿಗೆ ನಮ್ಮದೇ ದರ. ಹಾಗಾಗಿ ಥಾಯ್ಲೆಂಡ್‌ನವನಿಗೆ 40, ಪಕ್ಕದ ಮಲೇಷ್ಯಾದವನಿಗೆ 600. ನಮ್ಮ ತೆರಿಗೆಯಿಂದ ಸ್ಮಾರಕ ಉಳಿಸ್ತೀವಿ, ನಮಗೆ ಕಡಿಮೆ ಇರಲಿ ಅನ್ನೋ ವಾದದಲ್ಲಿ ನ್ಯಾಯ ಇದೆ. ಆ ದರವನ್ನ ಬೋರ್ಡ್ ಮೇಲೆ ಬರೆದಿರ್ತಾರೆ, ರಸೀದಿ ಕೊಡ್ತಾರೆ. ಬೋರ್ಡ್ ಇಲ್ಲದೆ ಮುಖ ನೋಡಿ ಎಳನೀರಿಗೆ ಎರಡು ಪಟ್ಟು ಹೇಳೋದು ಬೇರೆ. ಆಮೇಲೆ ಅವನು ಚೌಕಾಸಿ ಮಾಡಿದರೆ "ಇವರ ಜಾತಿಯೇ ಹಿಂಗ" ಅನ್ನೋದು ಇನ್ನೂ ಬೇರೆ.

ನಮ್ಮೂರಿನ ಮಾತು ಹೇಳ್ತೀನಿ. ಕಲಘಟಗಿ ಅಂದ್ರೆ ತೊಟ್ಟಿಲು. ಸಾಗವಾನಿ ಕಟ್ಟಿಗೆ, ಅರಗಿನ ಬಣ್ಣ, ಮೇಲೆ ಕೃಷ್ಣನ ಕತೆಯ ಚಿತ್ರ. ಒಮ್ಮೆ ವಿದೇಶಿ ದಂಪತಿ ಗಾಡಿ ನಿಲ್ಲಿಸಿ ತೊಟ್ಟಿಲನ್ನ ತುಂಬಾ ಹೊತ್ತು ಮುಟ್ಟಿ ನೋಡಿದರು, ಫೋಟೊ ತೆಗೆದರು, ಕೊಳ್ಳದೇ ಹೋದರು. "ನೋಡಿದ್ರಿ, ರೊಕ್ಕ ಬಿಚ್ಚಲಿಲ್ಲ" ಅಂದೆ. ತೊಟ್ಟಿಲು ಮಾಡೋ ಹಿರಿಯರು ಬ್ರಷ್ ಕೆಳಗಿಡದೇ ಹೇಳಿದರು: "ತಮ್ಮಾ, ಬಿಚ್ಚಿದ್ರೂ ಇದನ್ನ ವಿಮಾನದಾಗ ಹ್ಯಾಂಗ ಒಯ್ಯತಾರ? ಚೀಲದಾಗ ಹಿಡಿಯೂವಂಥಾದ್ದು ಏನರ ಇಟ್ಟಿದ್ದೇವೇನು ನಾವು?"

ಆ ದಂಪತಿಯ ದೇಶ ಯಾವುದು ಅಂತ ಅವರು ಕೇಳಲೇ ಇಲ್ಲ. ಚೀಲ ಎಷ್ಟು ದೊಡ್ಡದು ಅಂತ ನೋಡಿದ್ದರು.

ಈಗ ಕನ್ನಡಿ ನಮ್ಮ ಕಡೆ ತಿರುಗಿಸೋಣ. 2019ರ ಜುಲೈನಲ್ಲಿ ಸ್ವಿಟ್ಜರ್ಲೆಂಡ್‌ನ ಗ್ಸ್ಟಾಡ್ ಊರಿನ ಒಂದು ಹೋಟೆಲ್ ಭಾರತೀಯ ಅತಿಥಿಗಳಿಗೆ ಅಂತಲೇ ನೋಟಿಸ್ ಹಾಕಿದ್ದು ವೈರಲ್ ಆಗಿತ್ತು. ತಿಂಡಿಯ ಬಫೆಯಿಂದ ಕಟ್ಟಿಕೊಂಡು ಹೋಗಬೇಡಿ, ಗಲಾಟೆ ಮಾಡಬೇಡಿ ಅಂತ. ನಮಗೆಲ್ಲ ಸಿಟ್ಟು ಬಂತು.

ಅದೇ 2019ರಲ್ಲಿ ಗೋವಾ ಸರ್ಕಾರ ಪ್ರವಾಸಿ ತಾಣಗಳಲ್ಲಿ ಬಯಲಲ್ಲಿ ಅಡುಗೆ ಮಾಡಿದರೆ, ಕುಡಿದರೆ ಒಬ್ಬರಿಗೆ 2,000, ಗುಂಪಿಗೆ 10,000 ರೂಪಾಯಿ ದಂಡ ಅಂತ ಕಾನೂನು ತಿದ್ದಿತು. ಬಯಲಲ್ಲಿ ಸ್ಟವ್ ಹಚ್ಚೋರು ಯಾರು? ನಾವೇ ರೀ! ನಮ್ಮ ಮನೆಯವರು ಹದಿನಾಲ್ಕು ಮಂದಿ ಟ್ರ್ಯಾಕ್ಸ್ ಮಾಡ್ಕೊಂಡು ಗೋವಾಕ್ಕೆ ಹೋದಾಗ ಅವ್ವ ಎರಡು ದಿನದ ಬುತ್ತಿ ಕಟ್ಟಿದ್ದಳು. ರೊಟ್ಟಿ, ಶೇಂಗಾ ಚಟ್ನಿ, ಜೊತೆಗೆ ಒಂದು ಸಣ್ಣ ಸ್ಟವ್. ಬೀಚ್ ಹತ್ತಿರ ಗಾಡಿ ನಿಲ್ಲಿಸಿದಾಗ ಅಂಗಡಿಯವನೊಬ್ಬ ಕೆಎ ನಂಬರ್ ಪ್ಲೇಟ್ ನೋಡಿ ಪಕ್ಕದವನಿಗೆ "ಘಾಂಟಿ" ಅಂದ. ಘಟ್ಟದ ಮೇಲಿನ ನಮ್ಮಂಥವರನ್ನ ಹಗುರವಾಗಿ ಕರೆಯೋ ಮಾತು ಅದು. ನನಗೆ ಗೊತ್ತಿತ್ತು, ಅವ್ವಗೆ ಗೊತ್ತಿರಲಿಲ್ಲ. ಅವಳು ಅವನಿಗೂ ಒಂದು ಶೇಂಗಾ ಹೋಳಿಗೆ ಕೊಡು ಅಂತ ನನ್ನ ಕೈಗಿಟ್ಟಳು.

ಬಯಲಲ್ಲಿ ಸ್ಟವ್ ಹಚ್ಚಿ ಕಸ ಬಿಟ್ಟು ಬರೋದು ತಪ್ಪು. ಅದನ್ನ ಒಪ್ಪಿಕೊಳ್ಳೋಣ. ಆದರೆ ಬುತ್ತಿ ಕಟ್ಟೋದು ಕಂಜೂಸ್‌ತನ ಅಲ್ಲ. ಹದಿನಾಲ್ಕು ಮಂದಿಗೆ ಹೋಟೆಲ್ ಊಟ ಕೊಡಿಸೋಕೆ ಅಪ್ಪನ ಹತ್ರ ಆಗ್ತಿರಲಿಲ್ಲ. ಬುತ್ತಿ ಇಲ್ಲದಿದ್ದರೆ ನನ್ನ ಅಜ್ಜಿ ಕಡಲು ನೋಡ್ತಾನೇ ಇರಲಿಲ್ಲ. ಒಂದೇ ಊಟ ಹಂಚಿಕೊಂಡ ಆ ರಷ್ಯಾದ ಜೋಡಿಗೂ, ನಮ್ಮ ಟ್ರ್ಯಾಕ್ಸ್‌ಗೂ ಏನು ವ್ಯತ್ಯಾಸ? ಇಬ್ಬರೂ ಕೈಯಲ್ಲಿದ್ದಷ್ಟು ರೊಕ್ಕದಲ್ಲಿ ಸಮುದ್ರ ನೋಡೋಕೆ ಬಂದವರು.

ನನ್ನ ಮಾತು ಇಷ್ಟೇ. ನಿಮ್ಮಲ್ಲಿ ಕೆಲವರು ದಾಂಡೇಲಿ ಹೋಮ್‌ಸ್ಟೇಗಳಲ್ಲಿ, ಟ್ಯಾಕ್ಸಿಯಲ್ಲಿ, ಗೋಕರ್ಣ, ಹಂಪಿಯಲ್ಲಿ ಕೆಲಸ ಮಾಡೋರು. ಇನ್ನು ಮೇಲೆ ಗಿರಾಕಿ ಬಂದಾಗ ಯಾವ ದೇಶ ಅನ್ನೋ ಪ್ರಶ್ನೆಯನ್ನ ಕೊನೆಗೆ ಇಡಿ. ಮೊದಲು ನಾಲ್ಕು ನೋಡಿ. ಎಷ್ಟು ದಿನದ ಪ್ರವಾಸ? ಹೇಗೆ ರೊಕ್ಕ ಕೊಡೋಕಾಗುತ್ತೆ, ಕಾರ್ಡಾ, ನಗದಾ? ಚೀಲದಲ್ಲಿ ಏನು ಹಿಡಿಯುತ್ತೆ? ಅವರ ಊರಲ್ಲಿ ಟಿಪ್ಸ್ ಪದ್ಧತಿ ಹೇಗೆ? ಈ ನಾಲ್ಕಕ್ಕೆ ಉತ್ತರ ಸಿಕ್ಕರೆ ನಿಮ್ಮ ವ್ಯಾಪಾರವೂ ಆಗುತ್ತೆ, ಎದುರಿನವರ ಮಾನವೂ ಉಳಿಯುತ್ತೆ. ದರ ಒಂದೇ ಬೋರ್ಡ್ ಮೇಲೆ ಬರೆದು ಹಾಕಿ, ಚೌಕಾಸಿ ಅರ್ಧಕ್ಕರ್ಧ ಅಲ್ಲೇ ನಿಲ್ಲುತ್ತೆ.

ಆ ಜೋಡಿಯನ್ನ ನಾನು ಕೊನೆಗೂ ಕಡಲು ಕಾಣೋ ಟೇಬಲ್ಲಿಗೆ ಕೂರಿಸಿದೆ. ಅವರು ಆವತ್ತೂ ಒಂದೇ ಊಟ ತಗೊಂಡರು, ಆವತ್ತೂ ಎಣಿಸಿಯೇ ಕೊಟ್ಟರು. ಟಿಪ್ಸ್ ಏನೂ ಇಡಲಿಲ್ಲ. ನನಗೆ ಬೇಜಾರಾಗಲಿಲ್ಲ.

ನಿಮ್ಮನ್ನ ಯಾರಾದರೂ ಊರು ನೋಡಿ, ನಂಬರ್ ಪ್ಲೇಟ್ ನೋಡಿ, ಭಾಷೆ ಕೇಳಿ ಕಿಸೆ ಅಳೆದಿದ್ದಾರಾ? ನೀವು ಯಾರನ್ನಾದರೂ ಅಳೆದಿದ್ದೀರಾ? ವಾಯ್ಸ್ ಮೆಸೇಜ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀವಿ. ಅಲ್ಲೀತನಕ, ಬರ್ತೇನ್ರೀ. ನಮಸ್ಕಾರ.