ಇದ್ದಿಲಿಗೆ ಹತ್ತಿದ ವಿಷ

 

ಮಳೆಗಾಲದಲ್ಲಿ ನಮ್ಮ ಎರಿ ಹೊಲದಾಗ ನಾಲ್ಕು ಹೆಜ್ಜೆ ನಡೆದರೆ ಸಾಕು, ಚಪ್ಪಲಿ ಎತ್ತಲಾರದಷ್ಟು ಭಾರವಾಗುತ್ತದೆ. ಮಣ್ಣು ಒಳಗೆ ಇಳಿದಿರುವುದಿಲ್ಲ, ಮೇಲೆ ಮೆತ್ತಿರುತ್ತದೆ. ರೊಟ್ಟಿ ಸಾರನ್ನು ಒಳಗೆಳೆದುಕೊಂಡರೆ ಅದು ಹೀರುವಿಕೆ. ಹೀಗೆ ಮೇಲ್ಮೈಗೆ ಮೆತ್ತಿದರೆ ಅಧಿಶೋಷಣೆ. ನಾನು ಕೆಲಸ ಮಾಡಿದ್ದು ಇದರ ಮೇಲೆ.

ನೀರಿನಿಂದ ತೆಗೆಯಬೇಕಾದದ್ದು ಅನಿಲಿನ್ ಮತ್ತು ಅದರ ಬಳಗ, ಅಂದರೆ ಅರೋಮ್ಯಾಟಿಕ್ ಅಮೈನುಗಳು. ಬಣ್ಣ, ರಬ್ಬರ್, ಔಷಧ ತಯಾರಿಕೆಯ ಕೊಳೆನೀರಿನಲ್ಲಿ ಇವು ಬರುತ್ತವೆ. 1895ರಲ್ಲಿ ಜರ್ಮನಿಯ ಶಸ್ತ್ರವೈದ್ಯ ಲುಡ್ವಿಗ್ ರೆಹ್ನ್ ಬಣ್ಣದ ಕಾರ್ಖಾನೆಯ ಕಾರ್ಮಿಕರಲ್ಲಿ ಮೂತ್ರಕೋಶದ ಗಡ್ಡೆಗಳನ್ನು ಕಂಡು ವರದಿ ಮಾಡಿದರು. ಮುಂದೆ ಬೆಂಜಿಡಿನ್‌ನಂಥ ಅಮೈನುಗಳು ಕ್ಯಾನ್ಸರ್ ತರುತ್ತವೆಂದು ಖಚಿತವಾಯಿತು. ಒಡೆದಾಗ ಇಂಥವನ್ನು ಬಿಡುವ ಹಲವು ಅಜೋ ಬಣ್ಣಗಳನ್ನು ನಮ್ಮ ದೇಶ 1997ರಲ್ಲಿ ನಿಷೇಧಿಸಿತು.

ಎರಿ ಮಣ್ಣಿನಲ್ಲಿರುವ ಮಾಂಟ್ಮೊರಿಲೊನೈಟ್ ಎಂಬ ಖನಿಜ ಪುಸ್ತಕದ ಹಾಳೆಗಳ ಹಾಗೆ ಪದರ ಪದರ. ಆ ಹಾಳೆಗಳಿಗೆ ಋಣ ವಿದ್ಯುದಾವೇಶ. ಹುಳಿ ನೀರಿನಲ್ಲಿ ಅನಿಲಿನ್ ಧನ ಆವೇಶ ಪಡೆದು ಅಲ್ಲಿ ಹೋಗಿ ಕೂಡುತ್ತದೆ. ಹುಳಿ ಕಡಿಮೆಯಾದರೆ ಆವೇಶವೂ ಹೋಗಿ, ಹಿಡಿತ ಸಡಿಲಾಗುತ್ತದೆ. ಇನ್ನೊಂದು ತೊಡಕು ರೈತರಿಗೆ ಗೊತ್ತೇ ಇದೆ: ನೆನೆದ ಎರಿ ಉಬ್ಬುತ್ತದೆ, ನೀರನ್ನು ಕೆಳಗೆ ಬಿಡುವುದಿಲ್ಲ. ಕೊಳವೆಯಲ್ಲಿ ಅದನ್ನೇ ತುಂಬಿದರೆ ಹನಿಗಾಗಿ ಕಾಯುತ್ತ ಕೂಡಬೇಕು, ನಾನು ಕೂತಿದ್ದೇನೆ.

ಹುಳಿಯಿಲ್ಲದ ನೀರಿಗೆ ಕ್ರಿಯಾಶೀಲ ಇಂಗಾಲ ಮೇಲು. ಒಲೆಯ ಇದ್ದಿಲಲ್ಲ, ಹಬೆ ಅಥವಾ ರಾಸಾಯನಿಕ ಕೊಟ್ಟು ಕಾಯಿಸಿ, ಒಳಗೆಲ್ಲ ಸಣ್ಣ ತೂತು ಮಾಡಿದ ಇದ್ದಿಲು. ತೊಗರಿ ಕಟ್ಟಿಗೆಯಿಂದಲೂ ಮಾಡಬಹುದು. ಒಳ್ಳೆಯ ಇಂಗಾಲದ ಒಂದು ಗ್ರಾಂನೊಳಗಿನ ಮೇಲ್ಮೈಯನ್ನು ಬಿಡಿಸಿ ಹಾಸಿದರೆ ಸುಮಾರು 1000 ಚದರ ಮೀಟರ್, ಅಂದರೆ ಹತ್ತು ಗುಂಟೆ!

ಪಿಎಚ್.ಡಿ. ಮುಗಿಸಿ ಬಂದಾಗ ಇದನ್ನೆಲ್ಲ ನಮ್ಮಪ್ಪನಿಗೆ ಹೆಮ್ಮೆಯಿಂದ ಹೇಳಿದೆ. ಅವರು ಶಾಲೆ ಕಂಡವರಲ್ಲ. ಪೂರಾ ಕೇಳಿ, "ವಿಷ ಇದ್ದಲಿಗಿ ಹತ್ತಿತು, ಖರೆ. ಆ ಇದ್ದಲಿ ಎಲ್ಲಿ ಒಗದಿ?" ಅಂದರು.

ನನ್ನ ಪ್ರಬಂಧದಲ್ಲಿ ನೀರಿನ ಲೆಕ್ಕವಿತ್ತು, ಇದ್ದಿಲಿನ ಲೆಕ್ಕವಿರಲಿಲ್ಲ. ಮೆತ್ತಿದ ಅಮೈನು ಸತ್ತಿಲ್ಲ, ಜಾಗ ಬದಲಿಸಿದೆ ಅಷ್ಟೇ. ತಿಪ್ಪೆಗೆ ಒಗೆದರೆ ಮಳೆಗೆ ಮತ್ತೆ ಬಿಡಬಹುದು, ಒಲೆಗೆ ಹಾಕಿದರೆ ಹೊಗೆಯಲ್ಲಿ ಬರಬಹುದು. ಆಮ್ಲದಿಂದಲೋ ಆಲ್ಕೋಹಾಲಿನಿಂದಲೋ ಬಿಡಿಸಿ ಇಂಗಾಲವನ್ನು ಮತ್ತೆ ಬಳಸಬಹುದು. ಆದರೆ ತೊಳೆದ ದ್ರವವನ್ನೂ ನೋಡಿಕೊಳ್ಳಬೇಕು. ಕೊನೆಗೆ ಉಳಿದದ್ದನ್ನು ಅಪಾಯಕಾರಿ ತ್ಯಾಜ್ಯ ಸುಡುವ ಹೆಚ್ಚು ಉಷ್ಣತೆಯ ಕುಲುಮೆಗೇ ಕಳಿಸಬೇಕು. ಆ ಖರ್ಚು ಸೇರಿಸಿದ ಮೇಲೆಯೇ ವಿಧಾನ ಅಗ್ಗವೋ ತುಟ್ಟಿಯೋ ಹೇಳಲಾದೀತು.

ಈಗ ನನ್ನ ಹತ್ತಿರ ಸಂಶೋಧನೆಗೆ ಬರುವ ಹುಡುಗ ಹುಡುಗಿಯರಿಗೆ ಮೊದಲ ದಿನವೇ ಅಪ್ಪನ ಪ್ರಶ್ನೆ ಕೇಳುತ್ತೇನೆ. ಉತ್ತರ ಬರೆದು ತಂದವರಿಗೆ ಮಾತ್ರ ಅನಿಲಿನ್ ಬಾಟಲಿ ಕೊಡುತ್ತೇನೆ.